ಹೆಣ್ಣಾಳು 4, ಗಂಡಾಳು 6

ಸರ್ಕಾರಿ ಕಟ್ಟಡ ಯಾವುದೇ ಇರಲಿ, ಬಾಗಿಲ ಪಕ್ಕದಲ್ಲಿ ಒಂದು ಕರಿಕಲ್ಲಿನ ಹಲಗೆ ಇರುತ್ತದೆ. ಅಡಿಗಲ್ಲು ಹಾಕಿದವರು ಇಂಥ ಮಂತ್ರಿಗಳು, ಉದ್ಘಾಟನೆ ಮಾಡಿದವರು ಇಂಥವರು, ಅಧ್ಯಕ್ಷತೆ ಇಂಥವರದು, ಅದರ ಕೆಳಗೆ ಎಂಜಿನಿಯರ ಹೆಸರು, ಕಟ್ಟಕಡೆಗೆ ಗುತ್ತಿಗೆದಾರರ ಹೆಸರು. ಅಲ್ಲಿಗೆ ಕಲ್ಲು ಮುಗಿಯುತ್ತದೆ. ಆ ಅಕ್ಷರ ಕೊರೆದವನ ಹೆಸರು ಕೂಡ ಆ ಕಲ್ಲಿನ ಮೇಲಿಲ್ಲ. 1956ರಲ್ಲಿ ಕಟ್ಟಿ ಮುಗಿಸಿದ ವಿಧಾನಸೌಧಕ್ಕೆ ಜೈಲಿನ ಖೈದಿಗಳನ್ನೂ ತಂದು ದುಡಿಸಿದ್ದರು. ಅದರ ಹಣೆ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆ. ದೇವರ ಕೆಲಸ ಮಾಡಿದವರು ಯಾರ್‍ಯಾರು ಎಂದು ಕೇಳಿದರೆ ದೇವರೇ ಹೇಳಬೇಕು.

ನಾನು ಮಾಗಡಿ ಸೀಮೆಯವನು. ಕೆಂಪೇಗೌಡರ ಸೀಮೆ. ಬೆಂಗಳೂರು ಕೋಟೆಯ ಹೆಬ್ಬಾಗಿಲು ಹಗಲು ಕಟ್ಟಿದ್ದು ರಾತ್ರಿ ಬೀಳುತ್ತಿತ್ತಂತೆ, ಗರ್ಭಿಣಿಯ ಬಲಿ ಬೇಕೆಂದರಂತೆ, ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ತಾನೇ ಬಲಿಯಾದಳಂತೆ, ಆಮೇಲೆ ಬಾಗಿಲು ನಿಂತಿತಂತೆ. ಕೋರಮಂಗಲದಲ್ಲಿ ಆ ತಾಯಿಯ ಸಮಾಧಿ ಇದೆ, ನಾನೂ ಕೈ ಮುಗಿದಿದ್ದೇನೆ. ಆದರೆ 40 ವರ್ಷ ಗಾರೆ ಕೆಲಸ ಮಾಡಿದವನಿಗೆ ಈ ಕಥೆ ಕೇಳಿದಾಗೆಲ್ಲ ಬೇರೆಯೇ ಯೋಚನೆ ಬರುತ್ತದೆ. ಬಾಗಿಲು ಬೀಳುತ್ತಿದ್ದರೆ ಪಾಯ ಸರಿಯಿಲ್ಲ, ಇಲ್ಲ ಗಾರೆ ಒಣಗುವುದಕ್ಕೆ ಬಿಟ್ಟಿಲ್ಲ. ಅಷ್ಟು ಸಲ ಬಿದ್ದ ಬಾಗಿಲ ಕೆಳಗೆ ಎಷ್ಟು ಜನ ಕೂಲಿಯವರಿದ್ದರೋ, ಅವರ ಸಮಾಧಿ ಎಲ್ಲಿದೆಯೋ? ಅರಮನೆಯವಳ ಹೆಸರು ಉಳಿಯಿತು. ಕಲ್ಲು ಹೊತ್ತವರದು ಕಥೆಯಲ್ಲೂ ಬರಲಿಲ್ಲ.

ಈ ಬಲಿಯ ಮಾತು ಹಳೇದು, ಬಿಡಿ ಅನ್ನಬೇಡಿ. ನಾನು ಕೆಲಸ ಮಾಡಿದ ಕಡೆಯೆಲ್ಲ ಇದು ನಡೆದೇ ಇತ್ತು. ಯಾರಾದರೂ ಮೇಲಿಂದ ಬಿದ್ದರೆ ಕಂಟ್ರಾಕ್ಟರ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು: "ಜಾಗ ಬಲಿ ಕೇಳ್ತು ಕಣ್ರೋ." ಮಾರನೇ ದಿನ ಒಂದು ಬೂದುಗುಂಬಳಕಾಯಿ ಒಡೆದು, ನಿಂಬೆಹಣ್ಣು ಕೊಯ್ದು, ಮುಂದುಗಡೆ ರಾಕ್ಷಸನ ಮುಖದ ದೃಷ್ಟಿಗೊಂಬೆ ಕಟ್ಟಿದರೆ ಅವನ ಜವಾಬ್ದಾರಿ ಮುಗಿಯಿತು. ಕುಂಬಳಕಾಯಿ ರೇಟಿಗೆ ನಾಲ್ಕು ಗಜ ಹೊಸಾ ಹಗ್ಗ ಬರುತ್ತಿತ್ತು.

1977ರಲ್ಲಿ ನನಗೆ 16 ವರ್ಷ. ಏಳನೇ ಕ್ಲಾಸು ಮುಗಿಸಿ ಗೌಡರ ಮನೆಯ ದನ ಮೇಯಿಸಿಕೊಂಡಿದ್ದವನನ್ನು ಚಿಕ್ಕಪ್ಪ ಬೆಂಗಳೂರಿಗೆ ಕರಕೊಂಡು ಬಂದ. ಚಿಕ್ಕಪ್ಪ ಅದಾಗಲೇ ಕರಣೆ ಹಿಡಿದಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ತೂಗುಗುಂಡು ಬಿಡದೆಯೇ ಗೋಡೆ ಎಷ್ಟು ವಾಲಿದೆ ಎಂದು ಬರೀ ಕಣ್ಣಲ್ಲಿ ಹೇಳುತ್ತಿದ್ದ. ನಮ್ಮ ಕೇರಿಯಲ್ಲಿ ಕರಣೆ ಹಿಡಿದ ಮೊದಲನೆಯವನು ಅವನೇ. ಮಿಕ್ಕವರೆಲ್ಲ ಬಾಂಡ್ಲಿ ಹೊರುವವರು, ಪಾಯ ಅಗೆಯುವವರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರಲ್ಲಿ ಜಾತಿ ಅಡ್ಡಡ್ಡಲಾಗಿ ಇರುತ್ತದೆ, ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ. ಕಟ್ಟಡದಲ್ಲಿ ಅದು ಉದ್ದುದ್ದಕ್ಕೆ ನಿಂತಿರುತ್ತದೆ. ತಳದ ಮಣ್ಣಲ್ಲಿ ನಮ್ಮವರು ಮತ್ತು ಭೋವಿಗಳು, ಗೋಡೆ ಹತ್ತಿರ ಮೇಸ್ತ್ರಿ, ಮರದ ಕೆಲಸಕ್ಕೆ ಆಚಾರ್‍ರು, ಕಾಗದ ಹಿಡಿದುಕೊಂಡು ನೆರಳಲ್ಲಿ ಎಂಜಿನಿಯರು. ಏಟು ಬೀಳುವುದೂ ಇದೇ ಲೆಕ್ಕದಲ್ಲೇ. ಮಣ್ಣು ಕುಸಿದರೆ ಕೆಳಗಿದ್ದವನ ಮೇಲೆ, ಇಟ್ಟಿಗೆ ಜಾರಿದರೆ ಕೆಳಗಿದ್ದವಳ ಮೇಲೆ. ಕಾಗದ ಹರಿದು ಯಾರೂ ಸತ್ತಿದ್ದು ನಾನು ನೋಡಿಲ್ಲ.

ಮೊದಲನೇ ದಿನ ಚಿಕ್ಕಪ್ಪ ಕಲಿಸಿದ್ದು ಗುದ್ದಲಿ ಹಿಡಿಯುವುದನ್ನಲ್ಲ, ಅಗೆದ ಮಣ್ಣು ಎಲ್ಲಿ ಹಾಕಬೇಕು ಎನ್ನುವುದನ್ನ. "ಲೇ ಮಗ, ಅಗ್ದಿದ್ ಮಣ್ಣ ಗುಂಡಿ ಅಂಚ್ನಾಗೇ ಗುಡ್ಡೆ ಹಾಕ್‌ಬ್ಯಾಡ ಕಣ್ಲಾ. ಅದು ಮತ್ತೆ ಗುಂಡಿಗೇ ಬರಕೆ ನೋಡ್ತಾ ಇರ್ತದೆ." ಎರಡು ಮಾರು ದೂರಕ್ಕೆ ಎರಚಬೇಕು. ದೂರಕ್ಕೆ ಎರಚಿದರೆ ರಟ್ಟೆ ಬೀಳುತ್ತದೆ, ಕೆಲಸ ನಿಧಾನವಾಗುತ್ತದೆ, ಮೇಸ್ತ್ರಿ ಬಯ್ಯುತ್ತಾನೆ. ಅದಕ್ಕೇ ಎಲ್ಲರೂ ಅಂಚಿಗೇ ಹಾಕುತ್ತಿದ್ದರು. ಬೆಂಗಳೂರಿನ ಕೆಂಪುಮಣ್ಣು ಒಣಗಿದ್ದಾಗ ಗೋಡೆಯ ಹಾಗೆ ನಿಂತಿರುತ್ತದೆ, ನೋಡಿದವರಿಗೆ ಧೈರ್ಯ ಬರುತ್ತದೆ. ಒಂದು ಮಳೆ ಬಿದ್ದರೆ ಗೊತ್ತಾಗುತ್ತದೆ. 1979ರಲ್ಲಿ ಒಂದು ಬಡಾವಣೆಯ ಒಳಚರಂಡಿಗೆ 12 ಅಡಿ ಆಳ ತೋಡುತ್ತಿದ್ದಾಗ ಕಡಪಾ ಕಡೆಯಿಂದ ಬಂದ ಇಬ್ಬರ ಮೇಲೆ ಮಗ್ಗುಲು ಮಣ್ಣು ಕುಸಿಯಿತು. ಒಂದು ಘನ ಮೀಟರ್ ಮಣ್ಣು ಎಂದರೆ ಒಂದೂವರೆ ಟನ್ನಿಗೂ ಮೇಲೆ. ಕತ್ತಿನವರೆಗೂ ಹೂತಿದ್ದವನ ತಲೆ ಹೊರಗಿತ್ತು, ಮಾತಾಡುತ್ತಿದ್ದ. ಜನ ಕೈ ಹಿಡಿದು ಎಳೆಯುವುದಕ್ಕೆ ಹೋದರು. ಚಿಕ್ಕಪ್ಪ ಕೂಗಿಕೊಂಡ, "ಎಳೀಬ್ಯಾಡ್ರಪ್ಪೋ, ಎದೆ ಮ್ಯಾಲಿನ್ ಮಣ್ಣು ತಗೀರಿ ಮೊದ್ಲು." ಕತ್ತು ಹೊರಗಿದ್ದರೂ ಎದೆ ಅರಳುವುದಕ್ಕೆ ಜಾಗ ಇಲ್ಲದಿದ್ದರೆ ಉಸಿರು ಹೋಗುತ್ತದೆ. ಸಲಿಕೆ ಬಿಟ್ಟು ಕೈಯಲ್ಲೇ ಬಗೆದರು. ಅವನು ಉಳಿದ. ಅವನ ಕಾಲ ಹತ್ತಿರ ಬಗ್ಗಿ ಪೈಪು ಕೂರಿಸುತ್ತಿದ್ದ ಅವನ ತಮ್ಮ ಉಳಿಯಲಿಲ್ಲ. ಮಗ್ಗುಲಿಗೆ ಹಲಗೆ ಕೊಟ್ಟು ಅಡ್ಡಕ್ಕೆ ಮರ ಬಿಗಿದಿದ್ದರೆ ಇಬ್ಬರೂ ಊರಿಗೆ ಹೋಗುತ್ತಿದ್ದರು. ಹಲಗೆ ಮೂಲೆಯಲ್ಲಿ ಬಿದ್ದಿತ್ತು. ಸಿಮೆಂಟು ಮೂಟೆಗೆ ಥಂಡಿ ಹತ್ತಬಾರದು ಅಂತ ಅದರ ಅಡಿಗೆ ಹಾಸಿದ್ದರು.

ಸಾರ್ವೆಯ ವಿಷಯ. ಈಗಿನವರು ಕಬ್ಬಿಣದ ಪೈಪು ನೋಡಿದ್ದಾರೆ. ನಮ್ಮ ಕಾಲದಲ್ಲಿ ಸರ್ವೆ ಮರದ ಗಳು, ಬಿದಿರು, ತೆಂಗಿನ ನಾರಿನ ಹಗ್ಗ. ಗೋಡೆಯಲ್ಲಿ ಒಂದೊಂದು ಇಟ್ಟಿಗೆ ಬಿಟ್ಟು ಗೂಡು ಮಾಡಿ, ಅದರೊಳಕ್ಕೆ ಅಡ್ಡಗಳುವಿನ ತುದಿ ತೂರಿಸಿ, ಮೇಲೆ ಹಲಗೆ ಹಾಕಿದರೆ ಅದೇ ನಮ್ಮ ಭೂಮಿ. ಹಲಗೆ ಎರಡು ಇರಬೇಕಾದ ಕಡೆ ಒಂದು. ಒಂಬತ್ತಂಗುಲದ ಹಲಗೆ ಮೇಲೆ ನಿಂತು, ಪಕ್ಕದಲ್ಲಿ ಗಾರೆ ಬಾಂಡ್ಲಿ ಇಟ್ಟುಕೊಂಡು, ಗಿಲಾವು ಮಾಡುತ್ತಾ ಹಿಂದಕ್ಕೆ ಹಿಂದಕ್ಕೆ ಸರಿಯಬೇಕು. ಹಿಂದುಗಡೆ ಹಿಡಿಯುವುದಕ್ಕೆ ಏನೂ ಇಲ್ಲ. ಸೊಂಟದ ಮಟ್ಟಕ್ಕೆ ಒಂದು ಗಳು ಅಡ್ಡ ಕಟ್ಟಿ ಅಂದರೆ "ಏನಯ್ಯಾ, ಮದ್ವೆ ಚಪ್ಪರ ಹಾಕ್ಬೇಕಾ?" ಎಂದು ನಗುವರು. ಹಗ್ಗ ಒಂದು ಮಳೆಗಾಲ, ಒಂದು ಬೇಸಿಗೆ ಕಂಡರೆ ಒಳಗೇ ಲಡ್ಡಾಗಿರುತ್ತದೆ, ಮೇಲೆ ನೋಡಿದರೆ ಗಟ್ಟಿ. ಚಿಕ್ಕಪ್ಪ ದಿನಾ ಬೆಳಿಗ್ಗೆ ಬೀಡಿ ಹಚ್ಚುವ ಮುಂಚೆ ಒಂದೊಂದು ಗಂಟಿಗೂ ಜೋತು ಬಿದ್ದು ನೋಡುವನು. ಅರ್ಧ ಗಂಟೆ ಹಿಡಿಯುವುದು. ಆ ಅರ್ಧ ಗಂಟೆಗೆ ಕಂಟ್ರಾಕ್ಟರು ಕೂಲಿ ಹಿಡಿಯುತ್ತಿದ್ದ. ನನ್ನ ಚಿಕ್ಕಪ್ಪ ತನ್ನ ಜೀವ ತಾನು ಕಾಪಾಡಿಕೊಳ್ಳುವುದಕ್ಕೆ ತಾನೇ ದುಡ್ಡು ಕೊಡುತ್ತಿದ್ದ ಎಂದು ಅರ್ಥ.

1983ರ ಸೆಪ್ಟೆಂಬರ್ 12ರಂದು ಮೆಜೆಸ್ಟಿಕ್ಕಿನಲ್ಲಿ ಕಪಾಲಿ ಟಾಕೀಸಿನ ಪಕ್ಕ ಕಟ್ಟುತ್ತಿದ್ದ ಗಂಗಾರಾಮ್ ಬಿಲ್ಡಿಂಗ್ ಕುಸಿದು 123 ಜನ ಸತ್ತರು. ಏಳಂತಸ್ತು. ಆ ರಾತ್ರಿ ನಮ್ಮ ಗುಡಿಸಲುಗಳಲ್ಲಿ ಯಾರೂ ಒಲೆ ಹಚ್ಚಲಿಲ್ಲ, ಪ್ರತಿಯೊಬ್ಬರಿಗೂ ಅಲ್ಲಿ ಯಾರೋ ಒಬ್ಬರು ಇದ್ದಾರೇನೋ ಎನ್ನುವ ಭಯ. ಅಷ್ಟು ದೊಡ್ಡದು ಬಿದ್ದರೆ ಪೇಪರಿನಲ್ಲಿ ಬರುತ್ತದೆ, ಮಂತ್ರಿಗಳು ಬರುತ್ತಾರೆ. ಒಂದೊಂದಾಗಿ ಬಿದ್ದವರು ಪೇಪರಿಗೆ ಬರುವುದಿಲ್ಲ. ನಾನು ಹೇಳಬೇಕಾಗಿರುವುದು ಆ ಒಂದೊಂದರ ಲೆಕ್ಕ.

1986. ಒಂದು ಹೊಸಾ ಬಡಾವಣೆಯಲ್ಲಿ ಎರಡಂತಸ್ತಿನ ಮನೆ. ಮೇಲಿನ ಅಂತಸ್ತಿನ ಕಿಟಕಿಗಳಿಗೆ ಸಜ್ಜಾ ಹಾಕಿದ್ದರು. ಸಜ್ಜಾ ಎನ್ನುವುದು ಗೋಡೆಯಿಂದ ಆಚೆಗೆ ಚಾಚಿದ ಕೈ ಇದ್ದ ಹಾಗೆ, ತುದಿಗೆ ಆಸರೆ ಇಲ್ಲ. ಒಳಗಿನ ಮೋಲ್ಡಿಗೆ ಕಂಬಿ ಅಡಿಯಲ್ಲಿರಬೇಕು. ಸಜ್ಜಾಕ್ಕೆ ಮೇಲ್ಗಡೆ ಇರಬೇಕು, ಯಾಕೆಂದರೆ ಅದು ಬಗ್ಗುವಾಗ ಹಿಗ್ಗುವುದು ಮೇಲ್ಭಾಗ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಇದೆ, ಎಳೆತ ತಡೆಯುವ ಶಕ್ತಿ ಇಲ್ಲ, ಎಳೆತ ತಡೆಯುವುದು ಕಂಬಿ. ಇದು ಓದಿದ ಎಂಜಿನಿಯರಿಗೂ ಗೊತ್ತು, ಓದದ ಚಿಕ್ಕಪ್ಪನಿಗೂ ಗೊತ್ತಿತ್ತು. ಕಾಂಕ್ರೀಟು ಹಾಕುವ ದಿನ ಎಂಜಿನಿಯರು ಬರಲಿಲ್ಲ. ಕತ್ತಲಾಗುವುದರೊಳಗೆ ಮುಗಿಸಬೇಕೆಂದು ಕಂಟ್ರಾಕ್ಟರು ಕಟ್ಟಿದ್ದ ಕಂಬಿಯ ಮೇಲೇ ಆಳುಗಳನ್ನು ಓಡಾಡಿಸಿದ. ತುಳಿದು ತುಳಿದು ಕಂಬಿ ಅಡಿಗೆ ಕೂತಿತು. "ಕಂಬಿ ಕೆಳೀಕ್ ಹೋಗೈತೆ ಸಾಮಿ, ಎತ್ತಿ ಕಟ್ಬೇಕು" ಎಂದ ಚಿಕ್ಕಪ್ಪ. "ನೀನು ಗಾರೆಯೋನು, ಗಾರೆ ನೋಡ್ಕೊ" ಎಂದ ಕಂಟ್ರಾಕ್ಟರು.

ಇಂಥ ಸಜ್ಜಾಕ್ಕೆ ಕೊಟ್ಟ ಊರೆಯನ್ನು ಮೇಲೆ ಗೋಡೆ ಎದ್ದು ಹಿಂದಿನಿಂದ ಭಾರ ಕೂರುವ ತನಕ ತೆಗೆಯಬಾರದು. ಒಳಗಿನ ಸಣ್ಣ ಮೋಲ್ಡಿಗೇ ಏಳು ದಿನ, ನಾಲ್ಕೂವರೆ ಮೀಟರಿಗಿಂತ ಅಗಲವಾದರೆ 14 ದಿನ ಊರೆ ಇರಬೇಕು ಎಂದು ಸರ್ಕಾರದ ಮಾನಕದಲ್ಲೇ ಇದೆ. ಇಲ್ಲಿ ನಾಲ್ಕನೇ ದಿನಕ್ಕೇ ತೆಗೆಸಿದರು. ಸೆಂಟ್ರಿಂಗ್ ಶೀಟು, ಮರ ಬಾಡಿಗೆಯವು. ಇನ್ನೊಂದು ಕಡೆ ಬೇಕಾಗಿತ್ತು.

ಕೆಳಗೆ ನಮ್ಮ ದೊಡ್ಡವ್ವನ ಮಗಳು, ನನಗೆ ಅಕ್ಕ, ಮರಳು ಜರಡಿ ಹಿಡಿಯುತ್ತಿದ್ದಳು. 26 ವರ್ಷ. ಬೆಳಿಗ್ಗೆ ನನಗೆ ತಂಗಳು ಮುದ್ದೆಗೆ ಗೊಜ್ಜು ಹಾಕಿ ಕೊಟ್ಟು, "ತಮ್ಮಾ, ಶನಿವಾರ ಬಟವಾಡೆ ಆದ್ಮ್ಯಾಕೆ ಊರಿಗೆ ಹೋಗಾನ, ಮಗೀಗೆ ಜ್ವರ ಅಂತೆ" ಎಂದಿದ್ದಳು. ಆಟೋದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಾಗಲೇ ಹೋಗಿಬಿಟ್ಟಳು. ಹೆಚ್ಚಿಗೆ ಬರೆಯಲಾರೆ.

ಮಾರನೇ ದಿನದ ವಿಷಯ ಬರೆಯಬಲ್ಲೆ. ಪೊಲೀಸಿನವರು ಬಂದರು. ಕಂಟ್ರಾಕ್ಟರು, "ಅವಳು ನಮ್ಮ ಆಳಲ್ಲ, ಯಾರನ್ನೋ ನೋಡೋಕೆ ಬಂದಿದ್ಲು" ಎಂದ. ಹಾಜರಿ ಪುಸ್ತಕ ತೋರಿಸಿ ಎಂದೆವು. ನಮ್ಮ ಹಾಜರಿ ಪುಸ್ತಕಗಳಲ್ಲಿ ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ. ಮೇಸ್ತ್ರಿ ಹೆಸರು ಮೇಲೆ, ಅದರ ಕೆಳಗೆ ಹೆಣ್ಣಾಳು 4, ಗಂಡಾಳು 6. ಇಷ್ಟೇ. ಹೇಳುವುದಾದರೆ ಅಕ್ಕ ಆ 4ರಲ್ಲಿ ಇದ್ದಳು. ಆದರೆ ಪೊಲೀಸರ ಮುಂದೆ ಬಿಚ್ಚಿದ ಹಾಳೆಯಲ್ಲಿ ಹಿಂದಿನ ದಿನದ ಲೆಕ್ಕ ಹೆಣ್ಣಾಳು 3, ಗಂಡಾಳು 6 ಎಂದಿತ್ತು. ಬ್ಲೇಡಿನಲ್ಲಿ ಕೆರೆದ ಗುರುತು ಕೂಡ ಇರಲಿಲ್ಲ. ಹಾಳೆಯನ್ನೇ ಬದಲಾಯಿಸಿದ್ದರು.

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ನಮ್ಮ ಗುಂಪಿನಲ್ಲಿ ಓದು ಬಲ್ಲವನು ನಾನೊಬ್ಬನೇ ಆದ್ದರಿಂದ, ಶನಿವಾರ ಮೋಸ ಆಗಬಾರದೆಂದು ಯಾರು ಎಷ್ಟು ದಿನ ದುಡಿದರು, ಎಷ್ಟು ಮುಂಗಡ ಈಸಿಕೊಂಡರು ಎಂದು ಬರೆದಿಡುತ್ತಿದ್ದೆ. ಅದರಲ್ಲಿ ಅಕ್ಕನ ಹೆಸರು ಇತ್ತು. ಅದನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ತಗೊಂಡು ಹೋದೆವು. ದಲಿತ ಸಂಘಟನೆಯಲ್ಲಿ ಓಡಾಡಿಕೊಂಡಿದ್ದ ಒಬ್ಬ ವಕೀಲರು ದುಡ್ಡು ತಗೊಳ್ಳದೆ ಬಂದರು. ಎದುರು ವಕೀಲ ನನ್ನ ನೋಟ್‌ಬುಕ್ಕನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಇವರೇ ಬರ್ಕೊಂಡಿದ್ದು, ಕೂಲಿಯೋನ ಕೈಬರಹ, ಇದಕ್ಕೇನು ಬೆಲೆ?" ಎಂದ. ಅಂತೂ ಕಂಟ್ರಾಕ್ಟರು ಗೆಲ್ಲುತ್ತಾನೆ ಎಂದೇ ಆಯಿತು.

ಅವನನ್ನು ಸೋಲಿಸಿದ್ದು ನಾವಲ್ಲ, ಅವನ ದುರಾಸೆ. ಅಕ್ಕ ಸತ್ತ ಎರಡು ತಿಂಗಳಿಗೆ ಅವನು ಭಾವನ ಹತ್ತಿರ ಆಳು ಕಳಿಸಿದ್ದ. ನಿನ್ನ ಹೆಂಡತಿ 300 ರೂಪಾಯಿ ಮುಂಗಡ ತಗೊಂಡಿದ್ದಾಳೆ, ಕೊಡು ಎಂದು. ಭಾವ ನಂಬಲಿಲ್ಲ. ನಂಬಿಸುವುದಕ್ಕೆ ಚೀಟಿ ಕಳಿಸಿದ. ಚೀಟಿಯಲ್ಲಿ ಅಕ್ಕನ ಹೆಸರು, ಕೂಲಿಯಲ್ಲಿ ಮುರಿದುಕೊಳ್ಳತಕ್ಕದ್ದು ಎಂಬ ಒಕ್ಕಣೆ, ಅದರ ಕೆಳಗೆ ನೀಲಿ ಮಸಿಯಲ್ಲಿ ಅಕ್ಕನ ಹೆಬ್ಬೆಟ್ಟು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳಿಗೆ ಸಾಲದ ಚೀಟಿಯಲ್ಲಿ ಹೆಸರಿತ್ತು. ಭಾವ ಚೀಟಿ ವಾಪಸು ಕೊಡಲಿಲ್ಲ.

ತೀರ್ಪು ಬರುವುದಕ್ಕೆ ನಾಲ್ಕು ವರ್ಷ ಹಿಡಿಯಿತು. ಪರಿಹಾರದ ಲೆಕ್ಕ ಹೇಗೆ ಎಂದು ವಕೀಲರು ನನಗೆ ಕೂರಿಸಿ ಹೇಳಿಕೊಟ್ಟರು, ಅದು ಎಲ್ಲರಿಗೂ ತಿಳಿಯಲಿ. ಆಗ ಇದ್ದದ್ದು 1923ರ ಕಾರ್ಮಿಕರ ಪರಿಹಾರ ಕಾನೂನು. ತಿಂಗಳ ಕೂಲಿಯಲ್ಲಿ ನೂರಕ್ಕೆ 40 ಭಾಗ ತೆಗೆದು, ವಯಸ್ಸಿಗೆ ತಕ್ಕಂತೆ ಕಾನೂನಿನಲ್ಲೇ ಕೊಟ್ಟಿರುವ ಒಂದು ಅಂಕಿಯಿಂದ ಗುಣಿಸಬೇಕು. (1995ರಲ್ಲಿ ಆ 40ನ್ನು 50 ಮಾಡಿದರು.) ಅಕ್ಕನಿಗೆ ದಿನಕ್ಕೆ 12 ರೂಪಾಯಿ ಕೂಲಿ. ತಿಂಗಳಿಗೆ 26 ದಿನ ಹಿಡಿದರೆ 312. 26 ವರ್ಷಕ್ಕೆ ಅಂಕಿ 215.28. ಎಲ್ಲ ಸೇರಿ 26 ಸಾವಿರದ ಎಂಟುನೂರು ಚಿಲ್ಲರೆ. ಅದೇ ಜಾಗದಲ್ಲಿ ಅದೇ ವಯಸ್ಸಿನ ಗಂಡಾಳು ನಿಂತಿದ್ದರೆ ಅವನ ಕೂಲಿ 18 ರೂಪಾಯಿ, ಪರಿಹಾರ 40 ಸಾವಿರದ ಮೇಲೆ. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಎಂದು 1976ರಲ್ಲೇ ಕಾನೂನು ಆಗಿತ್ತು. ಬದುಕಿದ್ದಾಗ ದಿನಕ್ಕೆ ಆರು ರೂಪಾಯಿ ಮುರಿದುಕೊಂಡವರು ಸತ್ತ ಮೇಲೂ ಹದಿಮೂರು ಸಾವಿರ ಮುರಿದುಕೊಂಡರು. ದುಡ್ಡು ಬಂದ ದಿನ ಭಾವ ಅದನ್ನು ಮಗುವಿನ ಹೆಸರಿಗೆ ಬ್ಯಾಂಕಿನಲ್ಲಿ ಇಟ್ಟು, ಬ್ಯಾಂಕಿನ ಮೆಟ್ಟಿಲ ಮೇಲೇ ಕೂತುಬಿಟ್ಟ. ಚಿಕ್ಕಪ್ಪ ಆ ಮೆಟ್ಟಿಲನ್ನು ನೋಡಿ, "ನಾವೇ ಹಾಕಿದ್ದು ಕಣ್ಲಾ ಇದು, ಮೂಲೆ ಒಡ್ದೋಗೈತೆ" ಎಂದ. ಅವನಿಗೂ ಬೇರೆ ಏನು ಹೇಳಬೇಕೋ ಗೊತ್ತಿರಲಿಲ್ಲ.

ಆ ಕಾನೂನಿನ ಹಿಂದೆ ಒಂದು ಪಟ್ಟಿ ಇತ್ತು, ಯಾವ ಅಂಗ ಹೋದರೆ ನೂರಕ್ಕೆ ಎಷ್ಟು ಎಂದು. ಹೆಬ್ಬೆರಳಿಗೆ 30. ತೋರುಬೆರಳು ಪೂರಾ ಹೋದರೆ 14. ಕಂಬಿ ಕತ್ತರಿಸುವ ಮಿಷನ್ನಿಗೆ ಹೆಬ್ಬೆರಳು ಕೊಟ್ಟ ಒಬ್ಬ ಹುಡುಗನ ಅರ್ಜಿ ನಾನೇ ಬರೆದುಕೊಟ್ಟಾಗ ಈ ಪಟ್ಟಿ ನೋಡಿದ್ದು. ದ್ರೋಣಾಚಾರಿ ಏಕಲವ್ಯನಿಗೆ ಇಷ್ಟನ್ನಾದರೂ ಕೊಟ್ಟಿದ್ದನೇ ಎಂದು ನಮ್ಮ ವಕೀಲರು ನಗುತ್ತಿದ್ದರು. ಆ ಹುಡುಗ ನಗಲಿಲ್ಲ. ಹೆಬ್ಬೆರಳಿಲ್ಲದವನು ಕಂಬಿಗೆ ತಂತಿ ಸುತ್ತಲಾರ, ಸಲಿಕೆ ಹಿಡಿಯಲಾರ, ಬಾಂಡ್ಲಿ ಎತ್ತಿಕೊಡಲಾರ. ಅವನ ಲೆಕ್ಕದಲ್ಲಿ ಅದು ನೂರಕ್ಕೆ ನೂರು.

ಸಂಪಿನ ವಿಷಯ ಹೇಳದಿದ್ದರೆ ಈ ಬರಹ ಅಪೂರ್ಣ. ಈಗಲೂ ಇದರಲ್ಲಿ ಜನ ಸಾಯುತ್ತಿದ್ದಾರೆ, ಈ ಪತ್ರಿಕೆ ಓದುವವರಲ್ಲಿ ಮನೆ ಕಟ್ಟಿಸುವವರೂ ಇರಬಹುದು. ನೀರಿನ ಸಂಪಿಗೆ ಮೋಲ್ಡ್ ಹಾಕಿ, ಒಳಗೆ ಮರದ ಊರೆ ಬಿಟ್ಟು, ಎರಡಡಿ ಬಾಯಿ ಮುಚ್ಚಿ, ತಿಂಗಳಾದ ಮೇಲೆ ಊರೆ ತೆಗೆಯುವುದಕ್ಕೆ ಆಳನ್ನು ಇಳಿಸುತ್ತಾರೆ. ಒಳಗೆ ನೀರು ನಿಂತು ಮರ ಕೊಳೆತಿರುತ್ತದೆ. ಕೊಳೆಯುವ ಮರ ಉಸಿರಾಡುವ ಗಾಳಿಯನ್ನು ತಿಂದುಬಿಟ್ಟಿರುತ್ತದೆ. ವಾಸನೆ ಬರಲೇಬೇಕು ಅಂತಿಲ್ಲ, ಕಣ್ಣಿಗಂತೂ ಏನೂ ಕಾಣುವುದಿಲ್ಲ. 1994ರಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಒಬ್ಬ ಇಳಿದ, ಕೂಗಿದರೆ ಓಗೊಡಲಿಲ್ಲ. ಅವನನ್ನು ಎತ್ತುವುದಕ್ಕೆ ಅವನ ಗೆಳೆಯ ಇಳಿದ, ಅವನೂ ಓಗೊಡಲಿಲ್ಲ. ಮೂರನೆಯವನು ಕಾಲು ಇಳಿಬಿಟ್ಟಿದ್ದ, ಅಷ್ಟರಲ್ಲಿ ನಾವು ಓಡಿಹೋದೆವು. ಚಿಕ್ಕಪ್ಪ ಅವನ ಸೊಂಟ ತಬ್ಬಿಕೊಂಡು ಹಿಂದಕ್ಕೆ ಕೆಡವಿದ. ಅವನು ಚಿಕ್ಕಪ್ಪನ ಕೈ ಕಚ್ಚಿದ, ಒಳಗಿದ್ದವನು ಅವನ ಅಣ್ಣ. ಆದರೂ ಬಿಡಲಿಲ್ಲ. ಸುತ್ತಿಗೆಯಲ್ಲಿ ಮೋಲ್ಡ್ ಒಡೆದು ಗಾಳಿ ಆಡಿಸಿ ಇಬ್ಬರನ್ನೂ ತೆಗೆಯುವಾಗ ತಡವಾಗಿತ್ತು.

ಚಿಕ್ಕಪ್ಪನಿಗೆ ಇದು ಹೇಗೆ ಗೊತ್ತು? ಹಗೇವಿನಿಂದ. ಊರಲ್ಲಿ ಗೌಡರ ಮನೆಯ ರಾಗಿ ಹಗೇವು ತೆಗೆಯುವಾಗ ಒಳಗೆ ಇಳಿಸುತ್ತಿದ್ದದ್ದು ನಮ್ಮವರನ್ನೇ. ಬಾಯಿ ತೆಗೆದು ಒಂದು ದಿನ ಹಾಗೇ ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು, ದೀಪ ಆರಿದರೆ ಇಳಿಯಬಾರದು. ತಾತನ ಕಾಲದಿಂದ ಕೇರಿಯ ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ. ಪಟ್ಟಣದ ಎಂಜಿನಿಯರು ಹಗೇವು ಕಂಡವನಲ್ಲ, ನಮ್ಮನ್ನು ಕೇಳಿದವನೂ ಅಲ್ಲ. ದೀಪ ಆರದಿದ್ದರೂ ವಿಷದ ಗಾಳಿ ಇರಬಹುದು, ಅದನ್ನು ಪತ್ತೆ ಮಾಡುವ ಮಿಷನ್ನು ಈಗ ಸಿಗುತ್ತದೆ, ಬ್ಲೋವರು ಸಿಗುತ್ತದೆ. ಮಿಷನ್ನು ಇಲ್ಲದ ಕಡೆ ಇಷ್ಟು ಮಾಡಿ: ಬಾಯಿ ಪೂರಾ ತೆಗೆದಿಡಿ, ಗಾಳಿ ಊದಿಸಿ, ಇಳಿಯುವವನ ಎದೆಗೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಿ. ಅವನು ಕುಸಿದರೆ ಎಳೆಯಿರಿ. ಇಳಿಯಬೇಡಿ.

ಇನ್ನು ಕರೆಂಟು. ಕಂಬಿ ಬರುವುದು 40 ಅಡಿ ಉದ್ದಕ್ಕೆ. ಮೂರನೇ ಅಂತಸ್ತಿಗೆ ನಿಲ್ಲಿಸಿ ಎತ್ತುವಾಗ ತುದಿ ಎಲ್ಲಿ ಓಲಾಡುತ್ತದೆ ಎಂದು ಕೆಳಗೆ ಹಿಡಿದವನಿಗೆ ಕಾಣುವುದಿಲ್ಲ. ರಸ್ತೆಯಂಚಿಗೆ 11 ಕೆ.ವಿ. ಲೈನು. ಸೈಟಿನ ಮಾಲೀಕ ಬಿಡಬೇಕಾದ ಜಾಗ ಬಿಡದೆ ಲೈನಿನ ಬುಡದ ತನಕ ಬಾಲ್ಕನಿ ಚಾಚಿರುತ್ತಾನೆ. ಎರಡು ಸಲ ನೋಡಿದ್ದೇನೆ. ಮೂರನೇ ಸಲ ನೋಡುವ ಧೈರ್ಯ ಇಲ್ಲದೆ ರಸ್ತೆ ಕಡೆ ಕಂಬಿ ಎತ್ತುವ ಕೆಲಸಕ್ಕೆ ನಾನು ಒಪ್ಪಿಕೊಳ್ಳುತ್ತಿರಲಿಲ್ಲ. ಹಿಂದುಗಡೆಯಿಂದ ಎತ್ತಿ ಇಲ್ಲವೇ ಲೈನ್ ಆಫ್ ಮಾಡಿಸಿ ಎನ್ನುತ್ತಿದ್ದೆ. ಅದಕ್ಕೆ ಎರಡು ಕೆಲಸ ಹೋಗಿವೆ, ಹೋಗಲಿ.

ಸಿಮೆಂಟು ಸುಡುತ್ತದೆ ಎಂದರೆ ಓದಿದವರು ನಂಬುವುದಿಲ್ಲ. ಸುಣ್ಣದ ಅಣ್ಣ ಅದು. ಮೋಲ್ಡ್ ದಿನ ಬೆಳಿಗ್ಗೆ ಆರಕ್ಕೆ ಶುರುವಾದರೆ ರಾತ್ರಿ ಹತ್ತಾದರೂ ನಿಲ್ಲಿಸುವ ಹಾಗಿಲ್ಲ, ಹಸಿ ಕಾಂಕ್ರೀಟಿನಲ್ಲಿ ಬರಿಗಾಲು. ಬೆಳಗಾಗುವಷ್ಟರಲ್ಲಿ ಬೆರಳ ಸಂದಿಯೆಲ್ಲ ತೂತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುವುದು. 1942ರಿಂದ 1946ರ ತನಕ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಿದ್ದವರು ಬಾಬಾಸಾಹೇಬರು. ಕಾರ್ಖಾನೆಯವರಿಗೆ ವಾರಕ್ಕೆ 48 ಗಂಟೆಯ ಕೆಲಸ ಎಂದು ಆದದ್ದು ಆಗ. ಆ ಗಡಿಯಾರ ಕಾರ್ಖಾನೆಯ ಗೇಟು ದಾಟಿ ನಮ್ಮ ಮೋಲ್ಡಿನ ತನಕ ಬರಲೇ ಇಲ್ಲ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬಾರದು, ಧಾರೆಯಾಗಿ ನೀರು ಬಿಟ್ಟುಕೊಳ್ಳುತ್ತಲೇ ಇರಬೇಕು. ನನ್ನ ಎಡಗಣ್ಣಿಗೆ ಬಿದ್ದಾಗ ಸೈಟಿನಲ್ಲಿ ಕುಡಿಯುವ ನೀರು ಇರಲಿಲ್ಲ, ಪಕ್ಕದ ಮನೆಯಾಕೆ ಚೆಂಬು ಮುಟ್ಟಿಸಬೇಡಿ ಎಂದು ದೂರದಿಂದ ಎರಚಿದಳು. ಆ ಕಣ್ಣು ಅಂದಿನಿಂದ ಮಬ್ಬು.

ನಾವು ಕಟ್ಟಿದ ಮನೆಗಳ ಗೃಹಪ್ರವೇಶದ ಕಥೆ ಬರೆದರೆ ಅದೇ ಒಂದು ಪುಸ್ತಕವಾಗುತ್ತದೆ. ಹಸು ಒಳಗೆ ಹೋಗುತ್ತದೆ, ನಾವು ಕಾಂಪೌಂಡಿನ ಹೊರಗೆ ಊಟದೆಲೆ ಕಾಯುತ್ತೇವೆ. ಬಿಡಿ.

1996ರಲ್ಲಿ ಕಟ್ಟಡ ಕಾರ್ಮಿಕರಿಗೇ ಅಂತ ಒಂದು ಕಾನೂನು ಬಂತು, ಕಟ್ಟುವ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ಸು ತೆಗೆದಿಡಬೇಕು ಎಂದು. ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಆಗುವಾಗ 2007 ಬಂದಿತ್ತು. ವರ್ಷಕ್ಕೆ 90 ದಿನ ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟು ತಂದರೆ ಕಾರ್ಡು. ಸರ್ಟಿಫಿಕೇಟು ಕೊಡಬೇಕಾದವನು ಯಾರು? ಹಾಜರಿ ಪುಸ್ತಕದಲ್ಲಿ ಹೆಸರೇ ಬರೆಯದವನು. ಹಾಗಾಗಿ ಬಾಂಡ್ಲಿ ಮುಟ್ಟದವರಿಗೂ ಕಾರ್ಡು ಸಿಕ್ಕವು, ತಲೆ ಮೇಲೆ ಸಿಂಬೆಯ ಗುಂಡಿ ಬಿದ್ದ ಹೆಂಗಸರಿಗೆ ಸಿಗಲಿಲ್ಲ. ಕಾರ್ಮಿಕರ ಸೆಸ್ಸಿನ ದುಡ್ಡಲ್ಲಿ ಕೆಲವು ಕಡೆ ಲ್ಯಾಪ್‌ಟಾಪು, ವಾಷಿಂಗ್ ಮಿಷನ್ನು ಕೊಂಡ ವಿಷಯ 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. 2020ರಲ್ಲಿ ಆ ಕಾನೂನನ್ನೂ ಇನ್ನು ಹನ್ನೆರಡನ್ನೂ ಸೇರಿಸಿ ಒಂದೇ ಸಂಹಿತೆ ಮಾಡಿದರು, 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂದಿದೆ. ಹೆಸರು ದೊಡ್ಡದಾಗಿದೆ. ಹಲಗೆ ಎರಡಾಗಿದೆಯೋ ನೋಡಬೇಕು.

ಕೊನೆಯ ಹತ್ತು ವರ್ಷ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕೆಲಸ ಮಾಡಿದೆ. ಹೆಲ್ಮೆಟ್ ಬಂತು, ಬೆಲ್ಟ್ ಬಂತು, ಬಲೆ ಬಂತು. ಒಳ್ಳೆಯದೇ, ಅದರಿಂದ ಉಳಿದವರನ್ನು ನೋಡಿದ್ದೇನೆ, ಇಲ್ಲ ಎನ್ನುವುದಿಲ್ಲ. ಆದರೆ ಹೆಲ್ಮೆಟ್ಟಿಗೂ ವರ್ಣ ಇತ್ತು. ಬಿಳಿ ಎಂಜಿನಿಯರಿಗೆ, ಹಳದಿ ನಮಗೆ. ಬೆಲ್ಟಿನ ಕೊಕ್ಕೆ ಸಿಕ್ಕಿಸುವುದಕ್ಕೆ ಗಟ್ಟಿ ಹಗ್ಗವೇ ಕಟ್ಟಿರುತ್ತಿರಲಿಲ್ಲ. ಕೊಕ್ಕೆ ಸೊಂಟದಲ್ಲಿ ಒಡವೆಯ ಹಾಗೆ ನೇತಾಡುತ್ತಿತ್ತು. ಜೊತೆಯಲ್ಲಿ ನಮ್ಮ ಕಡೆಯವರು ಯಾರೂ ಉಳಿದಿರಲಿಲ್ಲ. ರಾಯಚೂರು, ಗುಲ್ಬರ್ಗದವರು, ಆಮೇಲೆ ಬಿಹಾರ, ಒರಿಸ್ಸಾ, ಬಂಗಾಳದ ಹುಡುಗರು. 2019ರ ಮಾರ್ಚಿನಲ್ಲಿ ಧಾರವಾಡದಲ್ಲಿ ಕಟ್ಟಡ ಬಿದ್ದು 19 ಜನ ಹೋದರು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಬಿದ್ದು 9 ಜನ. ಅವರಲ್ಲಿ ಬಿಹಾರದಿಂದ ಬಂದವರೂ ಇದ್ದರು. ಭಾಷೆ ಬಾರದ ಊರಲ್ಲಿ "ಓಡು" ಎಂದು ಯಾರಾದರೂ ಕೂಗಿದರೂ ಅರ್ಥವಾಗುವುದಿಲ್ಲ. ಅದಕ್ಕೇ ನಾನು ನನ್ನ ಗುಂಪಿನ ಹುಡುಗರಿಗೆ ಮೊದಲು ಕಲಿಸುತ್ತಿದ್ದದ್ದು ಕನ್ನಡದ ಮೂರು ಮಾತು: ನಿಲ್ಲು, ಬಿಡು, ಓಡು. ಅವರಿಂದ ನಾನೂ ಮೂರು ಕಲಿತೆ.

ಚಿಕ್ಕಪ್ಪ 2003ರಲ್ಲಿ ತೀರಿಕೊಂಡ, ಬಿದ್ದಲ್ಲ, ಕೆಮ್ಮಿ ಕೆಮ್ಮಿ. 26 ವರ್ಷ ಅವನ ಜೊತೆ ದುಡಿದೆ, ಅವನು ಕಟ್ಟಿದ ಸಾರ್ವೆಯಿಂದ ಒಬ್ಬರೂ ಬಿದ್ದದ್ದು ಕಾಣೆ. ಅವನ ಹೆಸರೂ ಯಾವ ಕಲ್ಲಿನ ಮೇಲೂ ಇಲ್ಲ. ಅಕ್ಕನ ಮಗಳು ಆ ದುಡ್ಡಲ್ಲಿ ಟಿ.ಸಿ.ಎಚ್. ಓದಿ ಮೇಷ್ಟ್ರಾಗಿದ್ದಾಳೆ. ಶಾಲೆಯಲ್ಲಿ ದಿನಾ ಬೆಳಿಗ್ಗೆ ಹಾಜರಿ ಕರೆಯುತ್ತಾಳೆ, ಹೆಸರು ಹಿಡಿದು.

ನಾನು ಕೆಲಸ ಬಿಟ್ಟು ಕೆಲವು ವರ್ಷವಾಯಿತು. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿಸುವ ಮಿಷನ್ನಿನ ಮುಂದೆ ನಿಂತಿದ್ದೆ. ಸಿಮೆಂಟು ತಿಂದ ಬೆರಳು, ಗೆರೆಯೇ ಇಲ್ಲ. ಮಿಷನ್ನು ಕೆಂಪು ದೀಪ ತೋರಿಸಿತು. "ಬೇರೆ ಬೆರಳು ಇಡಿ ಅಜ್ಜ" ಎಂದ ಹುಡುಗ. ಹತ್ತೂ ಇಟ್ಟಾಯಿತು. "ಹೊಂದಾಣಿಕೆ ಆಗ್ತಿಲ್ಲ, ನೀವು ನೀವೇ ಅಂತ ತೋರಿಸ್ತಾ ಇಲ್ಲ" ಎಂದ. ಪಾಪ, ಒಳ್ಳೆಯ ಹುಡುಗ. ಕಣ್ಣು ನೋಡಿ ಗುರುತು ಹಿಡಿಯುವ ಮಿಷನ್ನು 25ನೇ ತಾರೀಖು ಬರುತ್ತದಂತೆ, ಆವತ್ತು ಬನ್ನಿ ಎಂದು ಚೀಟಿಯಲ್ಲಿ ಬರೆದುಕೊಟ್ಟ. ಹೋಗುವಾಗ ಬಲಗಣ್ಣು ಮುಂದಿಡಬೇಕು.